ಗಡಿಯಾರ ಹಿಂದಕ್ಕೆ ಹೋದರೂ ಮಗುವಿನ ನಿದ್ದೆ ಹೋಗುವುದಿಲ್ಲ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಾಲ್ಕು ವರ್ಷದ ಮಗಳು ಈಗ ರಾತ್ರಿ 8ಕ್ಕೆ, ಮೈಸೂರಿನಿಂದ ಅಜ್ಜಿ ವಿಡಿಯೊ ಕರೆಯಲ್ಲಿ ಹೇಳುವ ಕತೆ ಕೇಳುತ್ತ ಮಲಗುತ್ತಾಳೆ. ಅಲ್ಲಿ ಆಗ ಬೆಳಗಿನ 5.30. ಕಳೆದ ನವೆಂಬರಿನಲ್ಲಿ ಗಡಿಯಾರ ಬದಲಾದ ಮೇಲೆ ಎರಡು ವಾರ ನಸುಕಿನ 5ಕ್ಕೇ ಎದ್ದು ಕೂರುತ್ತಿದ್ದಳು, ಸಂಜೆ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಈ ಸಲ ಏನು ಮಾಡಬೇಕು?

ಉತ್ತರ: ಅಮೆರಿಕದ ಬಹುತೇಕ ಕಡೆ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ, ಮಾರ್ಚಿಯ ಎರಡನೆಯ ಭಾನುವಾರ ಮುಂದಕ್ಕೆ. ಆದರೆ ಮಗುವಿನ ದೇಹದೊಳಗಿನ ಗಡಿಯಾರ ನಡೆಯುವುದು ಬೆಳಕು ಮತ್ತು ಕತ್ತಲೆಯ ಲೆಕ್ಕದಲ್ಲಿ. ಅದು ಒಂದೇ ರಾತ್ರಿಯಲ್ಲಿ ಒಂದು ಗಂಟೆ ಸರಿಯುವುದಿಲ್ಲ. ನಿಮ್ಮ ಮನೆಯಲ್ಲಿ ಇನ್ನೊಂದು ತೊಡಕಿದೆ, ಅದನ್ನು ನೀವು ಗಮನಿಸಿರಲಾರಿರಿ. ಭಾರತದಲ್ಲಿ ಗಡಿಯಾರ ಬದಲಾಗುವುದಿಲ್ಲವಾದ್ದರಿಂದ, ಅಜ್ಜಿಯವರು ಎಂದಿನಂತೆ 5.30ಕ್ಕೇ ಕರೆ ಮಾಡಿದರೆ ನಿಮ್ಮಲ್ಲಿ ಆಗ ರಾತ್ರಿ 7 ಗಂಟೆಯಾಗಿರುತ್ತದೆ; ಕತೆ ಮತ್ತು ನಿದ್ದೆ ಮಗುವಿನ ಮನಸ್ಸಿನಲ್ಲಿ ಒಟ್ಟಿಗೇ ಬೆಸೆದುಕೊಂಡಿರುವುದರಿಂದ ಹಳೆಯ ವೇಳೆಯೇ ಉಳಿದುಬಿಡುತ್ತದೆ.

ಆದ್ದರಿಂದ ಕತೆಯನ್ನೂ ನಿದ್ದೆಯನ್ನೂ ಜೊತೆಯಾಗಿಯೇ ಸರಿಸಿ. ಗಡಿಯಾರ ಬದಲಾಗುವ ಭಾನುವಾರಕ್ಕೆ ಮುಂಚಿನ ಬುಧವಾರ 8.15ಕ್ಕೆ, ಗುರುವಾರ 8.30ಕ್ಕೆ, ಶುಕ್ರವಾರ 8.45ಕ್ಕೆ, ಶನಿವಾರ 9ಕ್ಕೆ ಮಲಗಿಸಿದರೆ ಭಾನುವಾರದ ಹೊಸ 8 ಗಂಟೆಗೆ ಮಗು ಸಿದ್ಧವಾಗಿರುತ್ತದೆ, ಅಜ್ಜಿಯ ಕತೆ ಮೈಸೂರಿನ 6.30ಕ್ಕೆ ಬಂದು ನಿಂತಿರುತ್ತದೆ. ಊಟ, ಸ್ನಾನ, ಹಲ್ಲುಜ್ಜುವುದು ಎಲ್ಲವೂ ಅದೇ ಕ್ರಮದಲ್ಲಿ, ಅಷ್ಟೇ ನಿಮಿಷ ತಡವಾಗಿ ನಡೆಯಲಿ. ವಿಡಿಯೊ ಕರೆಯ ಪರದೆಯ ಬೆಳಕು ನಿದ್ದೆಯನ್ನು ಹಿಂದೂಡುತ್ತದೆಯಾದ್ದರಿಂದ ಮಲಗುವ ಹೊತ್ತಿನಲ್ಲಿ ಅಜ್ಜಿಯ ಮುಖ ತೋರಿಸಬೇಡಿ, ದೀಪ ಆರಿಸಿದ ಮೇಲೆ ಕತೆ ಬರೀ ಧ್ವನಿಯಲ್ಲಿ ಬರಲಿ; ಮುಖ ತೋರಿಸುವುದು ರಜಾದಿನಗಳಲ್ಲಿ, ಅವರಿಗೆ ಅನುಕೂಲವಾದ ಹೊತ್ತಿಗೆ ಸಾಕು.

ಇಷ್ಟಾದರೂ ಮಗು 5ಕ್ಕೇ ಎದ್ದರೆ ದೊಡ್ಡ ದೀಪ ಹಾಕಬೇಡಿ, ಟೀವಿ ಹಾಕಬೇಡಿ, ಹಾಲನ್ನೂ ಕೊಡಬೇಡಿ. ಇವು ಮೂರೂ ಸೇರಿ 5 ಗಂಟೆಯೇ ಬೆಳಗು ಎಂದು ದೇಹಕ್ಕೆ ಕಲಿಸಿಬಿಡುತ್ತವೆ. ಪಕ್ಕದಲ್ಲಿ ಸುಮ್ಮನೆ ಮಲಗಿಸಿಕೊಳ್ಳಿ. ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ, ನಿದ್ದೆ ಬರಿಸುವ ಮೆಲಟೋನಿನ್ ಗಮ್ಮಿಗಳನ್ನು (ಮಿಠಾಯಿಯಂತೆ ಅಗಿಯುವ ಮಾತ್ರೆಗಳನ್ನು) ಮಕ್ಕಳ ವೈದ್ಯರನ್ನು ಕೇಳದೆ ಕೊಡುವುದು ಸರಿಯಲ್ಲ. ಈ ವಯಸ್ಸಿನವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿಯ ನಿದ್ದೆ ಕಡಿಮೆಯಾದ ದಿನ ಮಧ್ಯಾಹ್ನ ಮಲಗಲು ಬಿಡಿ.

ಮಾರ್ಚಿಯಲ್ಲಿ ಇದನ್ನೇ ತಿರುಗಿಸಿ, ದಿನಕ್ಕೆ 15 ನಿಮಿಷ ಬೇಗ. ಆಗ ಮಲಗಿಸುವುದು ಮಾತ್ರವಲ್ಲ, ಎಬ್ಬಿಸುವುದೂ ಅಷ್ಟೇ ಬೇಗ ಆಗಬೇಕು, ಎದ್ದ ಕೂಡಲೇ ಕಿಟಕಿಯ ಪರದೆ ಸರಿಸಬೇಕು. ಜೂನ್ ಹೊತ್ತಿಗೆ ನಿಮ್ಮಲ್ಲಿ ಸೂರ್ಯ ಮುಳುಗುವುದೇ 8.30ರ ಸುಮಾರಿಗೆ, ಮಲಗುವ ಕೋಣೆಗೆ ದಪ್ಪ ಪರದೆಯನ್ನು ಅಷ್ಟರೊಳಗೆ ಹೊಲಿಸಿಡಿ. ಅಜ್ಜಿಯವರ ಕತೆ ಮತ್ತೆ 5.30ಕ್ಕೆ ಹಿಂದಿರುಗುತ್ತದೆ, ಅವರಿಗೂ ಫೆಬ್ರವರಿಯಲ್ಲೇ ಒಂದು ಮಾತು ಹೇಳಿಡಿ.