ಅಜ್ಜಿಯ ಕೈ ಬೇಕು, ಅಜ್ಜಿಯ ತೇಯೋ ಕಲ್ಲು ಬೇಡ

(ಹಸುಗೂಸಿನ ಆರೈಕೆ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮಕ್ಕಳ ವೈದ್ಯೆಯ ಉತ್ತರ)

ಪ್ರಶ್ನೆ: ನನ್ನ ಮಗಳಿಗೆ ಇವತ್ತು ಆರು ದಿನ. ಹುಟ್ಟಿದಾಗ 2.9 ಕೆಜಿ ಇದ್ದಳು, ನಾಲ್ಕನೇ ದಿನ 2.7ಕ್ಕೆ ಇಳಿದಿದ್ದಾಳೆ. ‘ನಿನಗೆ ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಹಾಕು’ ಅಂತ ನೋಡೋಕೆ ಬಂದವರೆಲ್ಲ ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಿಮ್ಮ ಮಗಳು ಬಹುಶಃ ಆ ಇನ್ನೂರು ಗ್ರಾಂ ಅನ್ನು ಬಡ್ಡಿ ಸಮೇತ ವಸೂಲು ಮಾಡಿರುತ್ತಾಳೆ. ಮೊದಲ ಮೂರು-ನಾಲ್ಕು ದಿನ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ. ಮೈಯಲ್ಲಿದ್ದ ಹೆಚ್ಚಿನ ನೀರು ಹೋಗುತ್ತದೆ, ಕರ್ರಗಿನ ಮೊದಲ ಮಲ ಹೋಗುತ್ತದೆ. ನಿಮ್ಮ ಮಗಳು ಇಳಿದಿರುವುದು ನೂರಕ್ಕೆ ಏಳರಷ್ಟು. ಹತ್ತು ದಾಟಿದ್ದರೆ, ಅಥವಾ ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬರದಿದ್ದರೆ, ಆಗ ವೈದ್ಯರು ನೋಡಲೇಬೇಕು.

ಹಾಲು ಸಾಲುತ್ತಿದೆಯೋ ಇಲ್ಲವೋ ಅಂತ ಮಗುವಿನ ಅಳು ಕೇಳಿ ತೀರ್ಮಾನ ಮಾಡಬೇಡಿ. ಒದ್ದೆ ಬಟ್ಟೆ ಎಣಿಸಿ. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಹೊಯ್ದು, ಮಲ ಹಳದಿಗೆ ತಿರುಗಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದೇ ಅರ್ಥ. ಲೆಕ್ಕ ಬರೆದಿಡಿ ಅಂತ ನಾನು ಹೇಳಿದ್ದಕ್ಕೆ ಒಬ್ಬ ತಂದೆ ಹಾಲಿನ ಡೈರಿಯ ಪುಸ್ತಕವನ್ನೇ ತಂದಿದ್ದ. ಒಂದು ಪುಟದಲ್ಲಿ ಡೈರಿಗೆ ಹಾಕಿದ ಹಾಲು, ಎದುರಿನ ಪುಟದಲ್ಲಿ ಮಗಳ ಉಚ್ಚೆ. ಅಷ್ಟು ಅಚ್ಚುಕಟ್ಟಾದ ದಾಖಲೆ ನನ್ನ ಕ್ಲಿನಿಕ್‌ನಲ್ಲೂ ಇಲ್ಲ.

ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಗೆ ಹಾಕಿ. ಮಗು ಚೀಪಿದಷ್ಟೂ ಹಾಲು ಬರುತ್ತದೆ. ಡಬ್ಬಿ ಹಾಲು ಕುಡಿದು ಮಲಗಿದ ಮಗು ಎದೆ ಚೀಪುವುದು ಕಡಿಮೆ, ಆಗ ಹಾಲು ನಿಜವಾಗಿಯೂ ಇಳಿಯುತ್ತದೆ. ಹೇಳಿದವರ ಮಾತೇ ನಿಜವಾಯಿತು ಅನ್ನಿಸೋದು ಹೀಗೆ! ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ತೂಕ ಮಾಡಿಸಿ.

ಪ್ರಶ್ನೆ: ಐದು ದಿನದ ಮಗನ ಮುಖ, ಎದೆ ಹಳದಿಯಾಗಿದೆ. ಬೆಳಗಿನ ಬಿಸಿಲಿಗೆ ಹಿಡಿದರೆ ಕಾಮಾಲೆ ಹೋಗುತ್ತಂತೆ, ಹೌದಾ?
– ಶಿವಮೊಗ್ಗದ ಓದುಗರು

ಉತ್ತರ: ಈ ಬಿಸಿಲಿನ ಮಾತು ಪೂರ್ತಿ ಸುಳ್ಳಲ್ಲ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಇದ್ದರು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ತರುತ್ತಿದ್ದರು. ಒಂದು ದಿನ ಒಂದು ಮಗುವಿನ ಮೈಯೆಲ್ಲ ತಿಳಿಯಾಗಿತ್ತು, ದುಪ್ಪಟಿಯ ಮೂಲೆ ಮುಚ್ಚಿದ್ದ ಜಾಗ ಮಾತ್ರ ತ್ರಿಕೋನದ ಹಾಗೆ ಹಳದಿಯಾಗೇ ಉಳಿದಿತ್ತು. ಆಕೆ ಅದನ್ನು ವೈದ್ಯರಿಗೆ ತೋರಿಸಿದರು. ಇವತ್ತು ಆಸ್ಪತ್ರೆಯಲ್ಲಿ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತೇವಲ್ಲ, ಅದರ ಹುಟ್ಟು ಅಲ್ಲಿಂದ.

ಆದರೆ ಕೆಲಸ ಮಾಡುವುದು ಬಿಸಿಲಿನೊಳಗಿನ ನೀಲಿ ಬೆಳಕು. ಹಿತ್ತಿಲಿನ ಬಿಸಿಲಲ್ಲಿ ಅದು ಎಷ್ಟು ಸಿಕ್ಕಿತು ಅಂತ ಅಳೆಯೋದು ಹೇಗೆ? ಬಟ್ಟೆ ಬಿಚ್ಚಿದರೆ ಮಗು ತಣ್ಣಗಾಗುತ್ತದೆ, ಜಾಸ್ತಿ ಹೊತ್ತು ಹಿಡಿದರೆ ಚರ್ಮ ಸುಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ‘ಬಿಸಿಲಿಗೆ ಹಿಡಿತಿದ್ದೀವಲ್ಲ’ ಅಂತ ನಾಲ್ಕು ದಿನ ಸುಮ್ನೆ ಕಳೆಯೋದು. ಕಾಮಾಲೆ ಮಿತಿಮೀರಿ ಏರಿದರೆ ಮಿದುಳಿಗೆ ಪೆಟ್ಟು, ಆಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ಮಗನದು ಎದೆಗೆ ಇಳಿದಿದೆ ಅಂತೀರಿ. ನಾಳೆಗೆ ಕಾಯದೆ ಒಂದು ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬಜೆ, ಜಾತಿಕಾಯಿ ತೇಯ್ದು ನೆಕ್ಕಿಸಿ, ಮೂಗಿಗೆ ಎಣ್ಣೆ ಬಿಟ್ಟು ನಾಲ್ಕು ಮಕ್ಕಳನ್ನು ಸಾಕಿದ್ದೇನೆ. ಈಗ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಡಾಕ್ಟರು ಎಲ್ಲದಕ್ಕೂ ಬೇಡ ಅಂತಾರಂತೆ. ಹಾಗಾದರೆ ನಾನು ಯಾಕೆ ಇರೋದು?
– ಒಬ್ಬ ಅಜ್ಜಿ, ಅರಸೀಕೆರೆ

ಉತ್ತರ: ನೀವು ಸಾಕಿದ್ದು ನಾಲ್ಕು, ನಾನು ಹೆತ್ತು ಸಾಕಿದ್ದು ಒಂದು. ಆದರೂ ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ನಾಲ್ಕೂ ಮಕ್ಕಳು ಚೆನ್ನಾಗಿರುವುದು ಬಜೆಯಿಂದ ಅಲ್ಲ, ಬಜೆ ನೆಕ್ಕಿಸಿದರೂ ಚೆನ್ನಾಗಿದ್ದಾರೆ.

ಮಗುವಿನ ಮೈಮೇಲೆ ಅಜ್ಜಿಯರು ಮಾಡುವುದಕ್ಕೆ ನಾನು ಅಡ್ಡ ಬರುವುದು ಕಡಿಮೆ. ತೂತುಗಳ ವಿಷಯಕ್ಕೆ ಬಂದರೆ ಜಗಳಕ್ಕೇ ನಿಲ್ಲುತ್ತೇನೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಜಾತಿಕಾಯಿ ಒಂದು ಸುತ್ತು ಜಾಸ್ತಿ ತೇಯ್ದರೆ ಮಗು ಮಂಪರಿಗೆ ಹೋಗುತ್ತದೆ. ‘ಚೆನ್ನಾಗಿ ಮಲಗಿದೆ’ ಅಂತ ನಾವು ಖುಷಿಪಡುತ್ತೇವೆ, ಅದು ಹಾಲು ಬಿಟ್ಟು ಮಲಗಿರುತ್ತದೆ. ಹರಳೆಣ್ಣೆಯಿಂದ ಭೇದಿ. ಜೇನುತುಪ್ಪ ಒಂದು ವರ್ಷ ತುಂಬುವವರೆಗೂ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಹಸುಗೂಸಿನ ಕರುಳಲ್ಲಿ ವಿಷ ಮಾಡಿ ಕೈಕಾಲು ಸೋಲಿಸುತ್ತದೆ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ. ಒಣಗಲು ಬಿಟ್ಟರೆ ಒಂದೆರಡು ವಾರದಲ್ಲಿ ತಾನೇ ಬೀಳುತ್ತದೆ. ಕಣ್ಣಿಗೆ ಕಾಡಿಗೆ ಬೇಡ, ಕೆಲವದರಲ್ಲಿ ಸೀಸ ಇರುತ್ತದೆ. ಮಗುವಿನ ಎದೆ ಗಟ್ಟಿಯಾಗಿ ಉಬ್ಬಿದ್ದರೆ ಹಿಂಡಬೇಡಿ. ಅದು ತಾಯಿಯ ಹಾರ್ಮೋನಿನ ಪ್ರಭಾವ, ಕೆಲವು ವಾರದಲ್ಲಿ ಇಳಿಯುತ್ತದೆ. ಹಿಂಡಿದರೆ ಕೀವಾಗುತ್ತದೆ.

ನನ್ನ ಬಾಣಂತನದಲ್ಲೂ ಇದೇ ಗಲಾಟೆ ನಡೆದಿತ್ತು. ಅಮ್ಮ ತೇಯೋ ಕಲ್ಲು ತೊಳೆದು ತಯಾರಾಗಿದ್ದರು. ನಾನು ಡಾಕ್ಟರು ಅನ್ನೋದು ಅವರ ಲೆಕ್ಕಕ್ಕೇ ಇರಲಿಲ್ಲ. ಕೊನೆಗೆ ಒಪ್ಪಂದವಾಯಿತು: ಬಜೆ ತೇಯಬಹುದು, ಆದರೆ ಮಗನ ಅಂಗಾಲಿಗೆ ಒಂದು ಬೊಟ್ಟು ಇಟ್ಟು ನಿಲ್ಲಿಸಬೇಕು. ಮೂರು ತಿಂಗಳು ಹಾಗೇ ನಡೆಯಿತು. (ಆರು ತಿಂಗಳಿಗೆ ಅಂಗಾಲೂ ಬಾಯಿಗೆ ಹೋಗುತ್ತದೆ, ಆಗ ಅದೂ ಬಂದ್.)

ನೀವು ಯಾಕೆ ಇರೋದು ಅಂದಿರಲ್ಲ. ಹೊಕ್ಕುಳು ಬಿದ್ದ ಮೇಲೆ ಕಾಲಮೇಲೆ ಮಲಗಿಸಿಕೊಂಡು ಎರೆಯೋದು ನಿಮ್ಮ ಮಗಳಿಗೆ ಬರುತ್ತದಾ? ನೀರನ್ನು ಮೊಣಕೈಯಲ್ಲಿ ನೋಡಿ, ಹದ ಉಗುರುಬೆಚ್ಚಗಿರಲಿ. ಆಮೇಲೆ ಸಾಮ್ರಾಣಿ ಹೊಗೆ ಮಾತ್ರ ಹಾಕಬೇಡಿ, ಆ ಪುಟ್ಟ ಎದೆಗೆ ಅದು ಆಗಿಬರುವುದಿಲ್ಲ.

ಮಗಳ ಊಟದ ಬಗ್ಗೆಯೂ ಒಂದು ಮಾತು. ಬಾಣಂತಿಗೆ ನೀರು ಕಡಿಮೆ, ತರಕಾರಿ ಬೇಡ, ಅನ್ನ-ಖಾರ ಸಾಕು ಅನ್ನುವ ಪಥ್ಯ ದಯವಿಟ್ಟು ಬೇಡ. ತಿಂಗಳುಗಟ್ಟಲೆ ಬರೀ ಪಾಲಿಶ್ ಅಕ್ಕಿಯ ಅನ್ನ ತಿಂದ ತಾಯಿಯ ಹಾಲಿನಲ್ಲಿ ಬಿ1 ವಿಟಮಿನ್ ಕಡಿಮೆಯಾಗಿ, ಎರಡು-ಮೂರು ತಿಂಗಳ ಗುಂಡಗಿದ್ದ ಮಗು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟು ಹೃದಯ ಸೋತು ಆಸ್ಪತ್ರೆ ಸೇರುವುದುಂಟು. ನಮ್ಮ ಕರ್ನಾಟಕದ ವೈದ್ಯರೇ ಇದನ್ನು ದಾಖಲಿಸಿದ್ದಾರೆ. ಬೇಳೆ, ಕಾಳು, ಸೊಪ್ಪು, ರಾಗಿ, ಮೊಟ್ಟೆ ಕೊಡಿ. ಬಾಯಾರಿದಷ್ಟು ನೀರು ಕುಡಿಯಲಿ.

ಪ್ರಶ್ನೆ: ಬೆಂಗಳೂರಿನ ಫ್ಲಾಟ್‌ನಲ್ಲಿ ನಾವಿಬ್ಬರೇ. ಮಗುವಿಗೆ ಹದಿಮೂರು ದಿನ. ಬಿಕ್ಕಳಿಕೆ, ಸೀನು, ನಿದ್ದೆಯಲ್ಲಿ ಬೆಚ್ಚಿಬೀಳೋದು. ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?
– ಹೊಸ ಅಪ್ಪ

ಉತ್ತರ: ನೀವು ಬರೆದ ಮೂರಕ್ಕೂ ಓಡಬೇಕಿಲ್ಲ.

ನನ್ನ ಮಗ ಹುಟ್ಟಿದ ಎಂಟನೇ ರಾತ್ರಿ ಅವನ ಉಸಿರು ನಿಂತಿತು ಅಂತ ಗಂಡನನ್ನು ಎಬ್ಬಿಸಿದೆ. ಅವರು ದೀಪ ಹಾಕುವಷ್ಟರಲ್ಲಿ ಉಸಿರಾಡುತ್ತಿದ್ದ. ಹಸುಗೂಸು ಜೋರಾಗಿ ನಾಲ್ಕು ಉಸಿರು ತೆಗೆದು ಐದಾರು ಸೆಕೆಂಡ್ ಸುಮ್ಮನಿದ್ದು ಮತ್ತೆ ಶುರು ಮಾಡುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು! ಅದು ಸಹಜ. ಇಪ್ಪತ್ತು ಸೆಕೆಂಡ್ ದಾಟಿದರೆ, ಅಥವಾ ಮೈ ನೀಲಿಗಟ್ಟಿದರೆ ಸಹಜವಲ್ಲ.

ಓಡಬೇಕಾದ್ದು ಇವಕ್ಕೆ: ಎಬ್ಬಿಸಿದರೂ ಹಾಲು ಕುಡಿಯದಿದ್ದರೆ, ಸುಮ್ಮನೆ ಮಲಗಿರುವಾಗಲೂ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಪಕ್ಕೆ ಒಳಕ್ಕೆ ಎಳೆದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಹೊಟ್ಟೆ ಕೂಡ ತಣ್ಣಗಾದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪಾಗಿ ವಾಸನೆ ಬಂದರೆ. ಎರಡು ತಿಂಗಳೊಳಗಿನ ಮಗುವಿಗೆ ಜ್ವರದ ಹನಿ ಹಾಕಿ ಬೆಳಗಿನವರೆಗೆ ಕಾಯೋದು ಬೇಡ, 108ಕ್ಕೆ ಫೋನ್ ಮಾಡಿ.

ಮಲಗಿಸುವಾಗ ಬೆನ್ನ ಮೇಲೆ ಮಲಗಿಸಿ, ತಲೆದಿಂಬು ಬೇಡ. ರಾತ್ರಿ ಹಾಲಾದ ಮೇಲೆ ಮಗುವನ್ನು ಭುಜಕ್ಕೆ ಹಾಕಿಕೊಂಡು ತೇಗಿಸೋ ಕೆಲಸ ನೀವು ತಗೊಳ್ಳಿ, ತಾಯಿಗೆ ಅರ್ಧ ಗಂಟೆ ನಿದ್ದೆ ಉಳಿಯುತ್ತದೆ. ಹೆಗಲ ಮೇಲೆ ಒಂದು ಹಳೇ ಟವೆಲ್ ಇರಲಿ. ಇನ್ನೊಂದು, ಇಷ್ಟೆಲ್ಲ ಬರೆದವರು ಮಗುವಿನ ತೂಕ ಬರೆದಿಲ್ಲ. ನಾಳೆ ತೂಗಿಸಿ ತಿಳಿಸಿ.