ಮೈಲುತುತ್ತ ಕಲಬೆರಕೆ ಅಲ್ಲ, ಡ್ರಮ್ಮಿನ ಕೆಲಸ

ಮದ್ದೂರಿನ ಅಣ್ಣ, ತೆಂಗಿನ ಸುಳಿ ಕೊಳೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಮಾಡೋಣ ಅಂತ ರಾತ್ರಿಯೇ ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ನೆನೆಹಾಕಿದ್ದೀರಿ. ಬೆಳಿಗ್ಗೆ ನೋಡಿದರೆ ನೀಲಿ ಹೋಗಿ ಹಸಿರು, ಡ್ರಮ್ಮಿನ ಒಳಗೆಲ್ಲ ಕೆಂಪು ಪುಡಿ. ಕಲಬೆರಕೆ ಮಾಲು ಅಂತ ಅಂಗಡಿಯವನನ್ನು ಬೈದಿದ್ದೀರಿ. ಪಾಪ, ಅವನದೇನೂ ತಪ್ಪಿಲ್ಲ. ಆ ಕೆಂಪು ಬರೀ ತುಕ್ಕಲ್ಲ, ತಾಮ್ರ.

ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ತಾಮ್ರಕ್ಕಿಂತ ಕಬ್ಬಿಣ ಜಾಸ್ತಿ ಚುರುಕು. ಅದು ತನ್ನ ಎಲೆಕ್ಟ್ರಾನುಗಳನ್ನು ತಾಮ್ರಕ್ಕೆ ಕೊಟ್ಟು ತಾನು ನೀರಿಗೆ ಇಳಿಯುತ್ತದೆ. ನೀರಲ್ಲಿದ್ದ ತಾಮ್ರ ಲೋಹವಾಗಿ ಡ್ರಮ್ಮಿಗೆ ಅಂಟುತ್ತದೆ. ನೀರಲ್ಲಿ ಈಗಿರುವುದು ಫೆರಸ್ ಸಲ್ಫೇಟ್, ಅಂದರೆ ಕಬ್ಬಿಣದ ಸಲ್ಫೇಟ್, ಅದಕ್ಕೇ ಹಸಿರು. ಎಸ್ಸೆಸ್ಸೆಲ್ಸಿಯಲ್ಲಿ ಓದುವ ಸ್ಥಾನಪಲ್ಲಟ ಕ್ರಿಯೆ ಇದೇ. ಅಲ್ಲಿ ಮೊಳೆ, ಇಲ್ಲಿ ಡ್ರಮ್ಮು, ಅಷ್ಟೇ.

ಯಾವುದು ಯಾವುದನ್ನು ಎಬ್ಬಿಸುತ್ತದೆ ಅನ್ನುವುದಕ್ಕೆ ಒಂದು ಸಾಲಿದೆ: ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಬೆಳ್ಳಿ, ಚಿನ್ನ. ಸಾಲಿನಲ್ಲಿ ಮೊದಲು ಬರುವುದು ಆಮೇಲೆ ಬರುವುದನ್ನು ಹೊರಹಾಕುತ್ತದೆ. ಉಲ್ಟಾ ನಡೆಯಲ್ಲ. ಫೆರಸ್ ಸಲ್ಫೇಟ್ ನೀರಿಗೆ ತಾಮ್ರದ ತಂತಿ ಹಾಕಿ ನೋಡಿ, ಕಬ್ಬಿಣ ಹೊರಗೆ ಬರಲ್ಲ. ಜಿಐ ಬಕೆಟ್ ಆದರೆ ಆಗಬಹುದಾ ಅಂತ ಇನ್ನೊಬ್ಬರು ಕೇಳಿದ್ದರು. ಅದರ ಮೇಲಿರುವುದು ಸತು, ಇನ್ನೂ ಬೇಗ ಕೆಡುತ್ತದೆ.

ನಷ್ಟ ಎಷ್ಟು ಗೊತ್ತಾ? 1 ಕೆಜಿ ಮೈಲುತುತ್ತದಲ್ಲಿ ತಾಮ್ರ ಇರುವುದು ಸುಮಾರು 250 ಗ್ರಾಂ. ಅಷ್ಟೂ ಹೊರಬಂದರೆ ಡ್ರಮ್ಮಿನ ಕಬ್ಬಿಣ ಸುಮಾರು 220 ಗ್ರಾಂ ಕರಗಿರುತ್ತದೆ. ಔಷಧಿಯೂ ಹೋಯ್ತು, ಡ್ರಮ್ಮೂ ಹೋಯ್ತು.

ಈ ಸಲ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಿ. 1 ಕೆಜಿ ಮೈಲುತುತ್ತ 50 ಲೀಟರ್ ನೀರಿಗೆ, 1 ಕೆಜಿ ಸುಟ್ಟ ಸುಣ್ಣ ಬೇರೆ 50 ಲೀಟರಿಗೆ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕಲಕಿ. ಆಮೇಲೆ ಕುಡುಗೋಲು ಉಜ್ಜಿ, ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಂಚಿಗೆ ಕೆಂಪು ಕೂತಿದೆಯಾ? ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತದೆ. ಕೆಂಪು ಕೂರುವುದು ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸಿ. ಅಡುಗೆಮನೆಯ ಸ್ಟೀಲ್ ಚಾಕು ಬೇಡ, ಅದಕ್ಕೆ ಸರಿಯಾಗಿ ಹಿಡಿಯಲ್ಲ. ಬೆರೆಸಿದ್ದನ್ನು ಅವತ್ತೇ ಹೊಡೆದು ಮುಗಿಸಿ.

ಡ್ರಮ್ಮಿನಲ್ಲಿರುವುದನ್ನು ಮರಕ್ಕೆ ಹಾಕಬೇಡಿ, ತಾಮ್ರ ಎಷ್ಟು ಉಳಿದಿದೆ ಅಂತ ಲೆಕ್ಕ ಸಿಗಲ್ಲ. ನಾಲೆಗಂತೂ ಸುರಿಯಲೇಬೇಡಿ, ಉಳಿದ ತಾಮ್ರಕ್ಕೆ ಮೀನು ಸಾಯುತ್ತವೆ.