ಗಣಕ ಸಂಶಯ: 32 ಬಿಟ್ ಯಂತ್ರಗಳ ಕಾಲ ಮುಗಿಯಿತೇ?

ಪ್ರಶ್ನೆ: ನಮ್ಮ ವಾಚನಾಲಯಕ್ಕೆ ದಾನವಾಗಿ ಬಂದ ಆರು ಹಳೆಯ ಕಂಪ್ಯೂಟರ್‌ಗಳಲ್ಲಿ ಊರಿನ ಮಕ್ಕಳು ಕನ್ನಡ ಟೈಪಿಂಗ್ ಕಲಿಯುತ್ತಿದ್ದಾರೆ. ಎಲ್ಲದರಲ್ಲೂ ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್ 12ರ 32 ಬಿಟ್ ಆವೃತ್ತಿ ಇದೆ. 13ನೇ ಆವೃತ್ತಿಯಲ್ಲಿ 32 ಬಿಟ್ ಪಿ.ಸಿ.ಗಳಿಗೆ ಇನ್‌ಸ್ಟಾಲರ್ ಇಲ್ಲವಂತೆ. ಮುಕ್ತ ತಂತ್ರಾಂಶ ಹಳೆಯ ಯಂತ್ರಗಳಿಗೆ ಆಸರೆ ಎಂದು ನಂಬಿದ್ದೆವು. ಇದನ್ನು ತೀರ್ಮಾನಿಸಿದವರು ಯಾರು? ನಾವೀಗ ಏನು ಮಾಡಬೇಕು?
— ವಾಚನಾಲಯದ ಕಾರ್ಯದರ್ಶಿ, ರಿಪ್ಪನ್‌ಪೇಟೆ

ಉತ್ತರ: ಬೇಸರಪಡುವ ಮೊದಲು ಒಂದು ಪರೀಕ್ಷೆ ಮಾಡಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಮೊದಲ ಸಾಲುಗಳಲ್ಲೇ 32 ಬಿಟ್, 64 ಬಿಟ್ ಎರಡೂ ಕಾಣಿಸಿದರೆ ನಿಮ್ಮ ಪ್ರೊಸೆಸರ್ 64 ಬಿಟ್‌ನದೇ. ದುರ್ಗಿಗುಡಿಯ ನನ್ನ ರಿಪೇರಿ ಅಂಗಡಿಗೆ ‘ಹಳೇ 32 ಬಿಟ್’ ಎಂಬ ಹಣೆಪಟ್ಟಿ ಹೊತ್ತು ಬರುವ ಯಂತ್ರಗಳ ಪೆಟ್ಟಿಗೆ ಬಿಚ್ಚಿದರೆ ಒಳಗೆ ಇರುವುದು ಬಹುಪಾಲು ಕೋರ್ 2 ಡ್ಯುಯೊ. ಅದು 2006ರಿಂದಲೂ 64 ಬಿಟ್‌ನದು. ಎರಡು ಜಿ.ಬಿ. ಮೆಮೊರಿ ನೋಡಿದ ಯಾರೋ ಅಂದು 32 ಬಿಟ್ ಆವೃತ್ತಿ ಹಾಕಿರುತ್ತಾರೆ, ಅಷ್ಟೇ. ಮಕ್ಕಳ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು, 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕಿ. ಎಕ್ಸ್‌ಎಫ್‌ಸಿಇಯಂತಹ ಹಗುರ ಡೆಸ್ಕ್‌ಟಾಪ್ ಆರಿಸಿಕೊಂಡರೆ ಟೈಪಿಂಗ್ ಕಲಿಕೆಗೆ ಆ ಮೆಮೊರಿ ಸಾಕು. ಗುಬ್ಬಿ, ನವಿಲು ಅಕ್ಷರಶೈಲಿಗಳು ಅಲ್ಲಿಯೂ ಸಿಗುತ್ತವೆ.

ಇನ್ನು ತೀರ್ಮಾನದ ವಿಚಾರ. ಡೆಬಿಯನ್‌ನಲ್ಲಿ ಪ್ರತಿ ಬಿಡುಗಡೆಗೆ ಮುನ್ನ ಪ್ರತಿಯೊಂದು ಪ್ರೊಸೆಸರ್ ವರ್ಗವೂ ಅರ್ಹತೆಯನ್ನು ಹೊಸದಾಗಿ ಸಾಬೀತುಪಡಿಸಬೇಕು. ಕಳೆದ ಸಲ ತೇರ್ಗಡೆಯಾಗಿತ್ತು ಎಂಬುದು ಸಾಲದು. ಆ ವರ್ಗದ ಯಂತ್ರ ಇಂದು ಕೊಳ್ಳಲು ಸಿಗುತ್ತದೆಯೇ? ಪ್ಯಾಕೇಜು ಎನ್ನುವ ಸಾವಿರಾರು ತಂತ್ರಾಂಶ ಕಟ್ಟುಗಳನ್ನು ಅದಕ್ಕಾಗಿ ಕಂಪೈಲ್ ಮಾಡಿಕೊಡುವ, ಅಂದರೆ ಆ ಯಂತ್ರದ ಭಾಷೆಗೆ ಇಳಿಸಿಕೊಡುವ ಸರ್ವರ್‌ಗಳು ಇವೆಯೇ, ಒಂದು ಕೆಟ್ಟರೆ ಇನ್ನೊಂದು ಇದೆಯೇ? ಇನ್‌ಸ್ಟಾಲರ್ ಕೆಲಸ ಮಾಡುತ್ತದೆಯೇ? ವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಕಂಪೈಲರ್ ಬರೆಯುವವರು ಈ ವರ್ಗವನ್ನು ಇನ್ನೂ ನೋಡಿಕೊಳ್ಳುತ್ತಿದ್ದಾರೆಯೇ? ಭದ್ರತಾ ತಂಡಕ್ಕೂ ಸರ್ವರ್ ನಿರ್ವಾಹಕರಿಗೂ ಆಕ್ಷೇಪವಿದೆಯೇ? ಇವೆಲ್ಲವನ್ನೂ ಬಿಡುಗಡೆ ತಂಡ ಪರಿಶೀಲಿಸುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು: ಈ ವರ್ಗದಲ್ಲಿ ಮಾತ್ರ ಕಾಣಿಸುವ ದೋಷ ಬಂದಾಗ ಕುಳಿತು ಸರಿಪಡಿಸುವ ಮನುಷ್ಯರು ಯಾರು? ಅವರನ್ನು ಪೋರ್ಟರ್‌ಗಳು ಎನ್ನುತ್ತಾರೆ. ತೋಟಗಳಲ್ಲಿ ಹಳೆಯ ಪಂಪ್‌ಸೆಟ್ ಎಷ್ಟೇ ಇರಲಿ, ವೈಂಡಿಂಗ್ ಮಾಡುವವನು ಊರಿನಲ್ಲಿ ಇಲ್ಲದಿದ್ದರೆ ಅವು ನಿಂತುಹೋಗುತ್ತವೆ.

32 ಬಿಟ್ ಪಿ.ಸಿ.ಗೆ ಆದದ್ದು ಇದೇ. ಪ್ರೊಸೆಸರ್‌ಗಳಲ್ಲಿನ ಮೆಲ್ಟ್‌ಡೌನ್ ಎಂಬ ಗಂಭೀರ ದೋಷ 2018ರ ಜನವರಿಯಲ್ಲಿ ಬಯಲಾಯಿತು. 64 ಬಿಟ್ ಲಿನಕ್ಸ್ ಕರ್ನಲ್‌ಗೆ ರಕ್ಷಣೆ ಆ ತಿಂಗಳೇ ಬಂತು. 32 ಬಿಟ್‌ಗೆ ಬಂದದ್ದು 4.19ನೇ ಆವೃತ್ತಿಯಲ್ಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಷ್ಟು ತಿಂಗಳು ಆ ಬಾಗಿಲು ತೆರೆದೇ ಇತ್ತು. ಮಕ್ಕಳು ಕೂರುವ ಕಂಪ್ಯೂಟರ್‌ಗೆ ಅಂಥ ಆವೃತ್ತಿಯನ್ನು ‘ಬೆಂಬಲವಿದೆ’ ಎಂಬ ಮುದ್ರೆ ಒತ್ತಿ ಕೊಡುವುದಕ್ಕಿಂತ, ಇಲ್ಲ ಎಂದು ನೇರವಾಗಿ ಹೇಳುವುದೇ ಪ್ರಾಮಾಣಿಕ ನಡೆ. ಹಾಗಾಗಿ 2025ರ ಆಗಸ್ಟ್ 9ರಂದು ಬಿಡುಗಡೆಯಾದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿ.ಸಿ.ಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಈ ತೀರ್ಮಾನ ಸರಿ ಎಂದೇ ನಾನು ಭಾವಿಸುತ್ತೇನೆ.

ಪೆಂಟಿಯಂ 4ರ ಮೊದಲ ಮಾದರಿಗಳು, ಕಿರು ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದ ಆಟಮ್ ಎನ್270 — ಇವು ನಿಜಕ್ಕೂ 32 ಬಿಟ್‌ನವು. ಆರರಲ್ಲಿ ಅಂಥದ್ದೊಂದು ಸಿಕ್ಕಿದರೆ 12ನೇ ಆವೃತ್ತಿಯಲ್ಲೇ ಉಳಿಸಿಕೊಳ್ಳಿ. ಅದರ ದೀರ್ಘಾವಧಿ ಬೆಂಬಲ 2028ರ ಜೂನ್ 30ರವರೆಗೆ ಇದೆ. ಆಮೇಲೆ ಅಂತರ್ಜಾಲದ ತಂತಿ ಕಿತ್ತು ಟೈಪಿಂಗ್‌ಗೆ ಮಾತ್ರ ಬಳಸಬಹುದು.

ಪ್ರಶ್ನೆ: ನಮ್ಮ ಅಡಿಕೆ ವ್ಯವಹಾರದ ಲೆಕ್ಕದ ತಂತ್ರಾಂಶ ಹಳೆಯದು, 32 ಬಿಟ್‌ನದು, ಬರೆದುಕೊಟ್ಟವರು ಈಗ ಸಿಗುವುದಿಲ್ಲ. 64 ಬಿಟ್ ಡೆಬಿಯನ್ 13ಕ್ಕೆ ಹೋದರೆ ಅದು ಓಡುತ್ತದೆಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಲಿನಕ್ಸ್‌ಗಾಗಿಯೇ ಬರೆದದ್ದಾದರೆ ಬಹುಮಟ್ಟಿಗೆ ಓಡುತ್ತದೆ. ಇಂಥ ಹಳೆಯ ತಂತ್ರಾಂಶಗಳಿಗಾಗಿಯೇ 32 ಬಿಟ್ ಲೈಬ್ರರಿಗಳನ್ನು ಉಳಿಸಿಕೊಂಡಿದ್ದಾರೆ. 64 ಬಿಟ್ ವ್ಯವಸ್ಥೆಯ ಜೊತೆಯಲ್ಲೇ ಅವನ್ನೂ ಹಾಕಿಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ. ಉಳಿದ 32 ಬಿಟ್ ವರ್ಗಗಳಲ್ಲಿ ದಿನಾಂಕ, ಸಮಯ ಹಿಡಿದಿಡುವ ಲೆಕ್ಕವನ್ನು 64 ಬಿಟ್‌ಗೆ ವಿಸ್ತರಿಸಿದ್ದಾರೆ, 32 ಬಿಟ್ ಪಿ.ಸಿ.ಯ ಈ ಲೈಬ್ರರಿಗಳಲ್ಲಿ ವಿಸ್ತರಿಸಿಲ್ಲ. ವಿಸ್ತರಿಸಿದ್ದರೆ ನಿಮ್ಮದರಂತಹ ಹಳೆಯ ತಂತ್ರಾಂಶಗಳೇ ಮುರಿದುಬೀಳುತ್ತಿದ್ದವು. ಪರಿಣಾಮವಾಗಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿನ ನಂತರದ ಯಾವ ಕ್ಷಣವನ್ನೂ ಆ ಲೆಕ್ಕ ಹಿಡಿಯಲಾರದು. ತೋಟದ ಸಾಲಕ್ಕೆ ಹದಿನೈದು ವರ್ಷದ ಕಂತಿನ ಪಟ್ಟಿ ಮಾಡುವವರಿಗೆ ಈ ತೊಂದರೆ 2038ರವರೆಗೆ ಕಾಯುವುದಿಲ್ಲ. ದಾಖಲೆಗಳ ನಕಲೊಂದರಲ್ಲಿ 2040ರ ದಿನಾಂಕ ಕೊಟ್ಟು ನೋಡಿ. ತಪ್ಪಿದರೆ ದಾಖಲೆಗಳನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ಕೆಲಸವನ್ನು ಈ ಮಳೆಗಾಲದಲ್ಲೇ, ಅಡಿಕೆ ಕೊಯ್ಲಿಗೆ ಮೊದಲು ಆರಂಭಿಸಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಹಳೆಯ ಪ್ರೊಸೆಸರ್‌ಗಳು ಹೊರಹೋಗುವಂತೆ ಹೊಸವು ಒಳಗೆ ಬರುವುದು ಹೇಗೆ? ನನ್ನಂಥವರು ಏನಾದರೂ ಮಾಡಬಹುದೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಮಿಪ್ಸ್ ಎಂಬ ಹಳೆಯ ಪ್ರೊಸೆಸರ್ ವರ್ಗ ಹೊರಗೆ ಹೋದ ಡೆಬಿಯನ್‌ನ ಅದೇ 13ನೇ ಆವೃತ್ತಿಯಲ್ಲಿ ರಿಸ್ಕ್-ಫೈವ್ ಎಂಬ ಹೊಸ ವರ್ಗ ಮೊದಲ ಬಾರಿಗೆ ಅಧಿಕೃತವಾಗಿ ಒಳಗೆ ಬಂತು. ಅದಕ್ಕೂ ಮೊದಲು ಅದು ಅನಧಿಕೃತ ಪೋರ್ಟ್ (ಒಂದು ಪ್ರೊಸೆಸರ್ ವರ್ಗಕ್ಕೆ ಹೊಂದಿಸಿದ ರೂಪ) ಆಗಿ ವರ್ಷಗಟ್ಟಲೆ ಬೆಳೆಯಿತು. ಸ್ವಯಂಸೇವಕರು ಕಂಪೈಲ್ ಆಗದ ಪ್ಯಾಕೇಜುಗಳನ್ನು ಒಂದೊಂದಾಗಿ ಸರಿಪಡಿಸಿದರು. 2023ರಲ್ಲಿ ಮುಖ್ಯ ಭಂಡಾರದಲ್ಲಿ ಸ್ಥಾನ ಸಿಕ್ಕಿದ ಮೇಲೂ ಬಿಡುಗಡೆಯ ಅರ್ಹತೆಗೆ ಮತ್ತೆ ದುಡಿದರು. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಕೂಡ ಇದೇ ರಿಸ್ಕ್-ಫೈವ್ ಆಧಾರಿತ. ಆದ್ದರಿಂದ ಇಲ್ಲಿ ಮಾಡಿದ ಕೆಲಸ ನಮ್ಮ ದೇಶದ ಯಂತ್ರಗಳಿಗೂ ನೇರವಾಗಿ ಸಲ್ಲುತ್ತದೆ.

ಹೊಸ ಬೋರ್ಡ್ ಕೊಳ್ಳಬೇಕಾಗಿಲ್ಲ. ಕ್ಯೂಎಂಯು ಎಂಬ ಅನುಕರಣ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪ್‌ನೊಳಗೇ ರಿಸ್ಕ್-ಫೈವ್ ಯಂತ್ರವನ್ನು ಕಟ್ಟಿಕೊಡುತ್ತದೆ. ನಿಧಾನವಾಗಿ ನಡೆಯುತ್ತದೆ, ಆದರೆ ಕಲಿಯಲು ಧಾರಾಳ. ಅದರಲ್ಲಿ ಡೆಬಿಯನ್ ಹಾಕಿ, ಕನ್ನಡ ಕಡತವೊಂದನ್ನು ತೆರೆದು, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ, ಮುದ್ರಣಕ್ಕೆ ಸರಿಯಾಗಿ ಹೋಗುತ್ತವೆಯೇ ಎಂದು ನೋಡಿ. ಕನ್ನಡ ಓದಲು ಬಾರದವರ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ. ದೋಷ ಸಿಕ್ಕರೆ ಅದೇ ಕಡತವನ್ನು ಸಾಮಾನ್ಯ 64 ಬಿಟ್ ಪಿ.ಸಿ.ಯಲ್ಲೂ ತೆರೆಯಿರಿ. ಎರಡೂ ಕಡೆ ಕಾಣಿಸಿದರೆ ಅದು ಪ್ಯಾಕೇಜಿನ ದೋಷ. ರಿಸ್ಕ್-ಫೈವ್‌ನಲ್ಲಿ ಮಾತ್ರ ಕಾಣಿಸಿದರೆ ಪೋರ್ಟರ್‌ಗಳಿಗೆ ಸಂಬಂಧಿಸಿದ್ದಿರಬಹುದು. ಡೆಬಿಯನ್‌ಗೆ ದೋಷ ತಿಳಿಸುವ ‘ರಿಪೋರ್ಟ್‌ಬಗ್’ ತಂತ್ರಾಂಶದ ಮೂಲಕ ವರದಿ ಕಳಿಸುವಾಗ ಪ್ಯಾಕೇಜಿನ ಹೆಸರು, ಆವೃತ್ತಿ, ನೀವು ಇಟ್ಟ ಹೆಜ್ಜೆಗಳನ್ನು ಕ್ರಮವಾಗಿ ಬರೆಯಿರಿ. ಎರಡೂ ಯಂತ್ರಗಳ ತೆರೆಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಲಗತ್ತಿಸಿ, ತಪ್ಪಾಗಿ ಮೂಡಿದ ಅಕ್ಷರಕ್ಕೆ ಸುತ್ತು ಹಾಕಿ.